ಖರೇ ಪೈಪಿನ ದನಿ ಹುಡುಕಿದ ಕಾಕಾ

ಪಲಟಣದ ಕಾಕಾ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಬಸ್ಸಿನಲ್ಲಿ. ಅಂಕಲಿಯ ಹಿರಿಯರೊಬ್ಬರು ಹಿಂದಿನ ಸೀಟಿನಿಂದ ಹೆಗಲು ತಟ್ಟಿ, "ನಿಮ್ಮ ಕಾಕಾ ಹೋಗಿಬಿಟ್ಟರಲ್ರಿ, ಗೊತ್ತಾತಿಲ್ಲೊ?" ಅಂದರು. ಇಂಥ ಸುದ್ದಿ ಕೇಳಿದವನು ಅಯ್ಯೋ ಅನ್ನಬೇಕು, ಯಾವಾಗ, ಹೇಗೆ ಎಂದು ವಿಚಾರಿಸಬೇಕು. ನನಗೆ ಬಂದದ್ದು ನಗು. ತಡೆಯಲು ಕೆಮ್ಮಿದೆ, ಆಗಲಿಲ್ಲ. ಕರವಸ್ತ್ರ ಬಾಯಿಗೆ ಅಡ್ಡ ಹಿಡಿದೆ. ಆ ಹಿರಿಯರು ಪಾಪ, ದುಃಖ ಉಕ್ಕಿತೆಂದು ತಿಳಿದು ಬೆನ್ನು ಸವರಿದರು. ಏನು ಮಾಡಲಿ ಹೇಳಿ, ಆ ಮನುಷ್ಯನನ್ನು ನೆನೆದರೆ ನನ್ನ ಕಣ್ಣ ಮುಂದೆ ಮೊದಲು ಬರುವುದೇ ಅವರ ಎಮ್ಮೆ.

ಆ ಎಮ್ಮೆಗೆ ಹಿಂದಿ ಬರುತ್ತಿತ್ತು. ಕೃಷ್ಣೆಯ ದಂಡೆಯಿಂದ ಮನೆಗೆ ಹೊಡೆದುಕೊಂಡು ಬರುವಾಗ ಕಾಕಾ ಹಿಂದಿನಿಂದ "ದಾಹಿನೇ ಮುಡ್!" ಅಂದರೆ ಅದು ಬಲಕ್ಕೆ ತಿರುಗುತ್ತಿತ್ತು, "ಥಮ್!" ಅಂದರೆ ನಿಲ್ಲುತ್ತಿತ್ತು. "ವಿಶ್ರಾಮ್" ಅಂದ ಮೇಲೆಯೇ ಮೇವಿಗೆ ಬಾಯಿ ಹಾಕುತ್ತದೆ ಎಂದೂ ಊರವರು ಹೇಳುತ್ತಿದ್ದರು. ಅದೊಂದು ಮಾತ್ರ ಸುಳ್ಳು. ಮೇವಿನ ವಿಷಯದಲ್ಲಿ ಆ ಎಮ್ಮೆ ಯಾರ ಹುಕುಮನ್ನೂ ಕೇಳುತ್ತಿರಲಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೂ ಉಪಯೋಗವಿಲ್ಲ, ಸ್ವಂತ ಓಣಿಯಲ್ಲೇ ಹೆಸರು ಹೇಳಿ ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಪಲಟಣದ ಕಾಕಾ ಅಂದರೆ ಮಾತ್ರ ಬಾಗಿಲ ತನಕ ಬಂದು ತೋರಿಸುತ್ತಿದ್ದರು. ಕಬ್ಬಿನ ಹೊಲ ಇದ್ದ ಜೈನ ಮನೆತನ. ಆ ಮನೆಯಿಂದ ಯಾರೂ ಸೈನ್ಯಕ್ಕೆ ಹೋದವರಲ್ಲ. ಇವರು ಹೋದರು. ಹೋದವರು ಬಂದೂಕಿಗಿಂತ ಹೆಚ್ಚಾಗಿ ಹಿಡಿದದ್ದು ಬ್ಯಾಗ್‌ಪೈಪು. ಕಂಕುಳಲ್ಲಿ ಗಾಳಿಯ ಚೀಲ, ಹೆಗಲ ಮೇಲೆ ಒಂದೇ ಸಮ ಶ್ರುತಿ ಹಿಡಿದು ನಿಲ್ಲುವ ಮೂರು ಕೊಳವೆ, ಎದೆಯ ಮುಂದೆ ಸ್ವರದ ತೂತುಗಳ ಇನ್ನೊಂದು ಕೊಳವೆ. ಎಲ್ಲೋ ಸ್ಕಾಟ್‌ಲಂಡಿನ ಗುಡ್ಡದ ಮೇಲೆ ಹುಟ್ಟಿದ ವಾದ್ಯ. ಬ್ರಿಟಿಷರು ಹೋದರೂ ನಮ್ಮ ಪಲಟಣದಲ್ಲಿ ಅದು ಉಳಿದುಕೊಂಡಿತು, ಅಂಕಲಿಯ ಒಬ್ಬ ಹುಡುಗನ ಕಂಕುಳಿಗೂ ಬಂತು.

ಚೀಲ ಕುರಿಯ ಚರ್ಮದ್ದು. ಇದು ಅವರ ತಾಯಿಗೆ ಗೊತ್ತಾದ ದಿನ ಮನೆಯಲ್ಲಿ ಒಲೆ ಹೊತ್ತಲಿಲ್ಲವಂತೆ. ಆ ತಾಯಿಯನ್ನು ಊರೆಲ್ಲ ಆಯಿ ಅನ್ನುತ್ತಿತ್ತು. ಅದು ಈ ಮನೆಯ ಹೊಸ್ತಿಲು ದಾಟಕೂಡದು, ದಾಟಿದರೆ ನಾನು ಆಚೆ ಹೋಗುತ್ತೇನೆ ಎಂದು ಆಯಿ ಹೇಳಿಬಿಟ್ಟಳು. ಆಯಿಯ ಮಾತು ಆ ಮನೆಯಲ್ಲಿ ಪಲಟಣದ ಹುಕುಮಿಗಿಂತ ದೊಡ್ಡದು. "ಅವ್ವಾ, ಡೋಲಿಗೂ ಚರ್ಮನ ಹಾಕಿರತಾರಲ್ಲ, ಲಗ್ನದಾಗ ಬಡೀತಾರಲ್ಲ" ಎಂದು ಕಾಕಾ ವಾದಿಸಿದರಂತೆ. ಆಯಿ ಕೇಳಿದಳಂತೆ: "ಡೋಲ ಬಡೀತಾರೊ, ಬಾಯಿಗೆ ಹಚ್ಚತಾರೊ?" ಅಂದಿನಿಂದ ಕಾಕಾ ರಜೆಗೆ ಬಂದಾಗಲೆಲ್ಲ ಕೈ ಬೀಸಿಕೊಂಡೇ ಬಂದರು. ಹೀಗಾಗಿ ಮಗ ಇಡೀ ನೌಕರಿ ಉದ್ದಕ್ಕೂ ಏನು ಊದಿದ ಎಂಬುದನ್ನು ಆ ತಾಯಿ ಒಮ್ಮೆಯೂ ಕೇಳಲಿಲ್ಲ.

ಕಾಕಾ ಪಲಟಣದಲ್ಲಿಯೂ ತಮ್ಮ ಜೈನ ನೇಮ ಬಿಟ್ಟವರಲ್ಲ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುತ್ತಿದ್ದರು. ಚೀಲದಿಂದ ಗಾಳಿ ಸೋರದ ಹಾಗೆ ಒಳಗೆ ಜೇನು ಸವರುವುದು ಅಲ್ಲಿಯ ರೂಢಿಯಂತೆ. ಜೇನು ನಮ್ಮವರಿಗೆ ನಡೆಯದು. ಕಾಕಾ ಊರಿನಿಂದ ಡಬ್ಬಿ ತುಂಬ ಕಾಕವಿ, ಅಂದರೆ ನೀರುಬೆಲ್ಲ, ಒಯ್ದು ಅದನ್ನೇ ಸವರಿದರು. ಗಾಳಿ ಸೋರಲಿಲ್ಲ. ಇರುವೆ ಮಾತ್ರ ಬಂದವು. "ಪರೇಡಿನಾಗ ನಿಂತೀನಿ, ಇರವಿ ಕುತ್ತಿಗಿ ಮ್ಯಾಲ ಹತ್ಯಾವ, ಅಲ್ಲಾಡೂ ಹಂಗಿಲ್ಲ! ಜನರಲ್ ಸಾಹೇಬ್ರು ನೋಡಿ, ಏನು ಕಳೆ ಐತಿ ಈ ಜವಾನನ ಮಾರಿ ಮ್ಯಾಲ ಅಂದ್ರು" ಎಂದು ಹೇಳಿ ತಾವೇ ಹೊಟ್ಟೆ ಹಿಡಿದು ನಗುತ್ತಿದ್ದರು. ಚರ್ಮದ ವಿಷಯ ಯಾರಾದರೂ ಕೆದಕಿದರೆ ಮಾತ್ರ ಗಂಭೀರವಾಗಿ, "ಊದಿದ್ದು ಸರಕಾರ. ನಾ ಬರೇ ಉಸರ ಕೊಟ್ಟೀನಿ" ಅನ್ನುತ್ತಿದ್ದರು.

ನನ್ನ ಅಂಗಡಿಗೆ ಅವರು ಬರತೊಡಗಿದ್ದು ನಿವೃತ್ತರಾದ ಮೇಲೆ. ತೊಂಬತ್ತರ ದಶಕ. ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಕ್ಯಾಸೆಟ್ ಅಂಗಡಿ, ಅದರ ಹಿಂದೆ ಮನೆ, ಮನೆಯ ಹಿಂದಿನ ಕೋಣೆಯಲ್ಲಿ ನನ್ನ ಸ್ಟುಡಿಯೋ. ಸ್ಟುಡಿಯೋ ಅಂದರೆ ನಗಬೇಡಿ. ಗೋಡೆಗೆಲ್ಲ ನನ್ನ ಹೆಂಡತಿಯ ತವರಿನ ಕೌದಿ ಬಡಿದಿದ್ದೆ, ದನಿ ಹಾರಾಡಬಾರದು ಅಂತ. ರಾಯಬಾಗದ ಭಜನೆಯವರು, ಅಥಣಿಯ ಸೋಬಾನೆ ಹಾಡುವ ಹೆಂಗಸರು, ಎಲ್ಲರೂ ಆ ಕೌದಿಗಳ ನಡುವೆ ಬೆವರುತ್ತ ಹಾಡಿ ಹೋಗಿದ್ದಾರೆ. ನನ್ನ ಹತ್ತಿರ ಪುಣೆಯಿಂದ ತಂದ ಕೀಬೋರ್ಡ್ ಇತ್ತು. ಅದು ಸಾದಾ ಕೀಬೋರ್ಡ್ ಅಲ್ಲ. ಮೈಕಿನ ಮುಂದೆ ಯಾವ ದನಿ ಕೊಟ್ಟರೂ ನುಂಗಿ ಇಟ್ಟುಕೊಂಡು, ಕೀ ಒತ್ತಿದಾಗ ಅದನ್ನೇ ಹೊರಗೆ ಕೊಡುವಂಥದ್ದು. ಸ್ಯಾಂಪಲ್ ಅನ್ನುತ್ತಾರೆ ಅದಕ್ಕೆ. ಈ ತಾಲೂಕಿನಲ್ಲೇ ಅಂಥದ್ದು ಇನ್ನೊಂದಿಲ್ಲ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಹೌದು, ಜಂಬ ಇತ್ತು. ಯಾಕಿರಬಾರದು?

ಒಂದು ದಿನ ಕಾಕಾ ಬಂದು, ಬಾಗಿಲಲ್ಲಿ ಹಿಮ್ಮಡಿ ಕೂಡಿಸಿ ನಿಂತು, "ತಮ್ಮಾ, ಈ ಪೆಟಗಿಯೊಳಗ ಪೈಪ್ ಐತೇನು?" ಎಂದು ಕೇಳಿದರು.

"ಐತಲ್ರಿ ಕಾಕಾ! ಬರ್ರಿ, ಕೂಡ್ರಿ."

ಕೂಡಲಿಲ್ಲ. ನಿಂತೇ ವಿಷಯ ಹೇಳಿದರು. ಮಗಳ ಲಗ್ನ ಗೊತ್ತಾಗಿತ್ತು, ಕಾಗವಾಡದ ಕಡೆಯ ಹುಡುಗ. ಒಬ್ಬಳೇ ಮಗಳು, ಚಿಕ್ಕೋಡಿಯ ಬಾಲವಾಡಿಯಲ್ಲಿ ಟೀಚರಾಗಿದ್ದಳು. ಅವಳು ಹುಟ್ಟಿದಾಗ ಇವರು ಎಲ್ಲೋ ಹಿಮದ ಗುಡ್ಡದ ಮೇಲಿದ್ದರು. ತಾರು ಬಂದ ದಿನ ರಜೆ ಸಿಗಲಿಲ್ಲ. ಪೈಪು ಹೆಗಲಿಗೇರಿಸಿಕೊಂಡು ಹೊರಗೆ ನಿಂತು ಒಂದು ಧಾಟಿ ಕಟ್ಟಿದರು. ಅದು ಕವಾಯತಿನ ಧಾಟಿಯಲ್ಲ, ಯಾರೂ ಕಲಿಸಿದ್ದಲ್ಲ. ಮಗಳದ್ದು. ಅದನ್ನು ಅವಳು ಪೈಪಿನಲ್ಲಿ ಕೇಳಿಯೇ ಇರಲಿಲ್ಲ. ಅವಳನ್ನು ಗಂಡನ ಮನೆಯವರಿಗೆ ಒಪ್ಪಿಸಿಕೊಡುವ ಹೊತ್ತಿನಲ್ಲಿ ಅದು ಕೇಳಿಸಬೇಕು, ಪೈಪಿನಲ್ಲೇ ಕೇಳಿಸಬೇಕು. ಇಷ್ಟೇ ಅವರ ಆಸೆ.

"ನೀವ ಊದ್ರಲ್ಲ!" ಅಂದೆ.

ಎದೆ ಮುಟ್ಟಿಕೊಂಡರು. ಅದೇ ಹಿಮದಲ್ಲಿ ಒಂದು ಕಡೆಯ ಪುಪ್ಪಸ ಕೆಟ್ಟಿತ್ತು. ಮಿರಜಿಯ ಡಾಕ್ಟರು ಇನ್ನು ಬಲೂನು ಕೂಡ ಊದಬೇಡಿ ಅಂದಿದ್ದರು. ಪೈಪು ಸರಕಾರದ ಮಾಲು, ಅಲ್ಲೇ ಒಪ್ಪಿಸಿ ಬಂದಿದ್ದರು. ಬೇರೆಯವರನ್ನು ಕರೆಸಿ ಊದಿಸೋಣವೆಂದರೆ ಹೊಸ್ತಿಲಲ್ಲಿ ಆಯಿ ಇದ್ದಾಳೆ. ಹೀಗೆ ಎಲ್ಲ ದಾರಿ ಮುಚ್ಚಿದ ಮೇಲೆ ನನ್ನ ಪೆಟ್ಟಿಗೆಯ ಸುದ್ದಿ ಅವರ ಕಿವಿಗೆ ಬಿದ್ದಿತ್ತು.

ನಾನು ಠೀವಿಯಿಂದ ಕೀಬೋರ್ಡ್ ಚಾಲೂ ಮಾಡಿ, ಅದರೊಳಗೆ ಮೊದಲೇ ಇದ್ದ ಬ್ಯಾಗ್‌ಪೈಪಿನ ದನಿ ಹಚ್ಚಿ, ಒಂದು ಧಾಟಿ ಬಾರಿಸಿದೆ. ಕಾಕಾ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಬಹಳ ಮರ್ಯಾದೆಯಿಂದ, "ತಮ್ಮಾ, ಇದಕ್ಕ ನೆಗಡಿ ಆಗೇತಿ" ಅಂದರು.

ನನಗೆ ಸಿಟ್ಟು ಬಂತು. ತಾಲೂಕಿಗೊಂದೇ ಕೀಬೋರ್ಡಿಗೆ ನೆಗಡಿಯೇ! ಆದರೆ ಎರಡನೆಯ ಸಲ ಬಾರಿಸಿದಾಗ ನನಗೂ ಹಾಗೇ ಕೇಳಿಸಿತು, ಏನು ಮಾಡುವುದು. ಛಲ ಹಿಡಿಯಿತು. ಪುಣೆಗೆ ಹೋದಾಗ ವಾದ್ಯದ ಅಂಗಡಿಗಳನ್ನೆಲ್ಲ ತಿರುಗಿ ಒಂದು ಫ್ಲಾಪಿ ಹುಡುಕಿ ತಂದೆ. ಸ್ಕಾಟ್‌ಲಂಡು, ಐರ್ಲಂಡಿನ ಹಳೆಯ ವಾದ್ಯಗಳ ದನಿಯೆಲ್ಲ ಅದರಲ್ಲಿ ತುಂಬಿವೆ, ಅಸಲಿ ಮಾಲು ಎಂದು ಅಂಗಡಿಯವನು ಆಣೆ ಮಾಡಿದ್ದ. ಜೊತೆಗೆ ಚಿತ್ರಗಳ ಒಂದು ಸಣ್ಣ ಪುಸ್ತಕ.

ಆ ಮಧ್ಯಾಹ್ನವನ್ನು ನಾನು ಮರೆಯಲಾರೆ. ಒಂದೊಂದೇ ದನಿ ಹಚ್ಚಿದೆ, ಕಾಕಾ ಒಂದೊಂದಕ್ಕೂ ತೀರ್ಪು ಕೊಟ್ಟರು. ಹಾರ್ಪ್ ಎಂಬ ತಂತಿ ವಾದ್ಯ ಕೇಳಿ, "ಛಲೋ ಐತಿ, ಬಸದಿಯೊಳಗ ಕುಂತಂಗ ಆತು" ಅಂದರು. ತಗಡಿನ ಸಣ್ಣ ಕೊಳಲು ಬಂತು. "ಇದು ನಮ್ಮ ಜ್ವಾಳದ ಹೊಲದಾಗ ಗುಬ್ಬಿ ಓಡಸಾಕ ಊದೂ ಪೀಪಿ. ಅದಕ್ಕ ಪುಣೆಕ್ಕ ಹೋಗಿದ್ದೇನು?" ಅಂದರು. ಆಮೇಲೆ ಐರ್ಲಂಡಿನ ಪೈಪು. ಮೆತ್ತಗಿನ, ಕೋಣೆಯೊಳಗೆ ಕೂತು ಬಾರಿಸುವ ದನಿ. ಕಾಕಾ ಚಿತ್ರ ನೋಡಿದರು, ಮತ್ತೆ ನೋಡಿದರು. ಚಿತ್ರದಲ್ಲಿ ಒಬ್ಬ ಕುರ್ಚಿಯ ಮೇಲೆ ಕೂತಿದ್ದ, ಬಾಯಲ್ಲಿ ಏನೂ ಇಲ್ಲ. ಮೊಣಕೈಗೆ ಕಮ್ಮಾರನ ತಿದಿಯಂಥದೊಂದು ಕಟ್ಟಿಕೊಂಡು ಅದರಿಂದಲೇ ಚೀಲಕ್ಕೆ ಗಾಳಿ ತುಂಬುತ್ತಿದ್ದ.

"ಬಾಯಿ ಹಚ್ಚಿಲ್ಲ!" ಕಾಕಾ ಕೂಗಿದರು. "ನೋಡಲೇ ತಮ್ಮಾ, ಬಾಯಿ ಹಚ್ಚಿಲ್ಲ ಇಂವ! ಅಯ್ಯ ಇವನ, ನಾ ಐರ್ಲಂಡದ ಪಲಟಣಕ್ಕ ಸೇರಬೇಕಿತ್ತು! ಅವ್ವ ಒಂದ ಮಾತ ಅಂತಿದ್ದಿಲ್ಲ!"

ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ನಗು ನಿಂತ ಮೇಲೆ ಸ್ಕಾಟ್‌ಲಂಡಿನ ಪೈಪು ಹಚ್ಚಿದೆ. ಸ್ವಚ್ಛ ದನಿ, ಒಂದು ಕೊಂಕಿಲ್ಲ. ಕಾಕಾನ ಮುಖ ಇಳಿಯಿತು. "ಇದು ದವಾಖಾನಿಯೊಳಗ ತೊಳದಿಟ್ಟ ಪೈಪು" ಅಂದರು. "ಖೋಟಾ ದನಿಯೊಳಗ ನನ್ನ ಮಗಳನ್ನ ಕಳಸೂದಿಲ್ಲ ತಮ್ಮಾ. ಆಗದಿದ್ರ ಬ್ಯಾಡ, ಸುಮ್ಮನ ಕಳಸ್ತೀನಿ."

ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಹಾಗಾದರೆ ಖರೇ ಪೈಪನ್ನೇ ಹುಡುಕೋಣ, ಅದರ ದನಿಯನ್ನು ನಾನೇ ಈ ಪೆಟ್ಟಿಗೆಗೆ ಉಣ್ಣಿಸುತ್ತೇನೆ ಅಂದೆ.

ಪೈಪು ಸಿಕ್ಕಿದ್ದು ನಿಪ್ಪಾಣಿಯಲ್ಲಿ. ಅಲ್ಲಿ ಕಾಕಾನ ಜೊತೆ ಪಲಟಣದಲ್ಲಿ ಊದುತ್ತಿದ್ದ ದೋಸ್ತನಿದ್ದ. ನಿವೃತ್ತನಾದ ಮೇಲೆ ತಂಬಾಕಿನ ಗೋದಾಮು ಕಾಯುತ್ತಿದ್ದ, ಸ್ವಂತ ಖರ್ಚಿನಿಂದ ಒಂದು ಪೈಪು ಕೊಂಡು ಗೋದಾಮಿನಲ್ಲೇ ಇಟ್ಟುಕೊಂಡಿದ್ದ. ಕೀಬೋರ್ಡಿಗೆ ಕೌದಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಹೋದೆವು. ಕಂಡಕ್ಟರ ಕೌದಿ ಮುಟ್ಟಲು ಕೈ ಚಾಚಿದಾಗ ಕಾಕಾ "ಖಬರದಾರ್!" ಅಂದರು. ಪಾಪ, ಅವನು ನಿಪ್ಪಾಣಿ ಬರುವ ತನಕ ನಮ್ಮ ಕಡೆ ತಿರುಗಿ ನೋಡಲಿಲ್ಲ.

"ಹಾಂಗಾದ್ರ ನೀವ ಆ ಧಾಟಿ ಊದಿಬಿಡ್ರಿ, ನಾ ಟೇಪ್ ಮಾಡತೀನಿ. ಸ್ಯಾಂಪಲ್ ಗೀಂಪಲ್ ಯಾಕ ಬೇಕು?" ಎಂದು ನಾನು ದೋಸ್ತನನ್ನು ಕೇಳಿದೆ.

ಅವನು ಬಾಯಿ ತೆರೆದು ತೋರಿಸಿದ. ಮೇಲೂ ಕೆಳಗೂ ಕಟ್ಟಿಸಿಕೊಂಡ ಹಲ್ಲು. "ಕಾಯ್ ಕರಾಯಚಂ ಸಾಹೇಬ, ಏನ ಮಾಡೂದು," ಅಂದ ಮರಾಠಿ ಬೆರೆಸಿ, "ನಳಗಿ ಹಿಡಕೋತೀನಿ, ಒಂದು ಸ್ವರ ಊದತೀನಿ, ಅಷ್ಟರಾಗ ಹಲ್ಲಿನ ಸೆಟ್ ಜಾರತೈತಿ. ಪೂರಾ ಹಾಡು ನನ್ನಿಂದ ಆಗೂದಿಲ್ಲ." ಒಂದೊಂದೇ ಸ್ವರ ಮಾತ್ರ ಊದಬಲ್ಲ ಮನುಷ್ಯ! ಸ್ಯಾಂಪಲ್ ಮಾಡುವವನಿಗೆ ಇನ್ನೇನು ಬೇಕು? ನಾನು ಅವನನ್ನು ತಬ್ಬಿಕೊಂಡೆ.

ಗೋದಾಮಿನ ತುಂಬ ಗೋಣಿ ಸುತ್ತಿ ಬಿಗಿದ ತಂಬಾಕಿನ ಬೋದುಗಳು. ಅವು ಗೋಡೆಯಿಂದ ಗೋಡೆಗೆ ದನಿ ಹಾರಾಡಲು ಬಿಡುತ್ತಿರಲಿಲ್ಲ, ನನ್ನ ಕೌದಿಗಿಂತ ವಾಸಿ. ಆದರೆ ಘಾಟು! ದೋಸ್ತನಿಗೆ ರೂಢಿ, ನಮಗೆಲ್ಲಿ? ಅವನು ಕಂಕುಳಲ್ಲಿ ಚೀಲ ಒತ್ತಿ, ಪೈಪು ಮೊದಲು "ಕೊಂಯ್ಕ್" ಎಂದು ಕಿರುಚಿ, ಆಮೇಲೆ ಸ್ವರ ನಿಲ್ಲುವ ಹೊತ್ತಿಗೆ ಸರಿಯಾಗಿ ನಾನು ಸೀನುತ್ತಿದ್ದೆ. ಮತ್ತೆ ಊದಿದರೆ ಕಾಕಾ ಸೀನುತ್ತಿದ್ದರು. ಇಬ್ಬರೂ ಮೂಗು ಹಿಡಿದುಕೊಂಡು ಕೂತರೆ ದೋಸ್ತನಿಗೆ ನಮ್ಮನ್ನು ನೋಡಿ ನಗು ಬಂದು ಹಲ್ಲು ಜಾರುತ್ತಿತ್ತು. ಹೀಗೆ ಒದ್ದಾಡಿ ಆ ಪೈಪಿಗಿರುವ ಒಂಬತ್ತೂ ಸ್ವರ, ಮೇಲೆ ಶ್ರುತಿಯ ದನಿ ತುಂಬಿಕೊಂಡೆವು. ಅಷ್ಟೂ ಹೊತ್ತು ಕಾಕಾ ಆ ಪೈಪಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಹೊರಡುವಾಗ ಚೀಲದ ಮೇಲೆ ಒಮ್ಮೆ ಕೈ ಆಡಿಸಿದರು.

ಇನ್ನು ಆಮೇಲೆ ನಡೆದದ್ದು ಒಬ್ಬ ಸಿಪಾಯಿ ಮತ್ತು ಒಬ್ಬ ಭಜನೆ ಕ್ಯಾಸೆಟ್ಟಿನವ ಸೇರಿ ಮಾತ್ರ ಮಾಡಬಹುದಾದ ಘನಂದಾರಿ ಕೆಲಸ.

ನನ್ನ ಕೋಣೆಗೆ ಬಂದ ಯಾವ ದನಿಯನ್ನೂ ನಾನು ಮೊದಲು ಹಾರ್ಮೋನಿಯಂ ಮುಂದೆ ನಿಲ್ಲಿಸುತ್ತಿದ್ದೆ. ಅದರ ಶ್ರುತಿಗೆ ಕೂಡದಿದ್ದರೆ ತಿರುವಿ ಕೂಡಿಸುತ್ತಿದ್ದೆ. ಭಜನೆಯವರ ಕೂಡ ಕಲಿತ ರೂಢಿ. ಈ ಒಂಬತ್ತರಲ್ಲಿ ಒಂದೂ ಪೂರ್ತಿ ಕೂಡಲಿಲ್ಲ. ಒಂದು ಕೂದಲೆಳೆ ಮೇಲೆ, ಒಂದು ಕೆಳಗೆ. ಕಾಕಾ ನನ್ನ ಹಿಂದೆ ನಿಂತು, ಸಾಲು ತಪ್ಪಿ ನಿಂತ ಜವಾನರನ್ನು ಕಂಡ ಹವಾಲ್ದಾರನ ಹಾಗೆ ಹುಕುಮು ಕೊಡತೊಡಗಿದರು. "ಇಂವ ಮುಂದ ಬಂದಾನ, ಹಿಂದ ಸರಸು. ಆ ಮೂರನೇದಂವ ಕುಗ್ಗ್ಯಾನ, ಎದಿ ಎತ್ತು. ಮೊದಲಿನ ಆ ಕಿರಚಾಟ ತಗದ ಹಾಕು, ಪರೇಡಿನಾಗ ಯಾರ ಕಿರಚತಾರ? ಗಾಳಿ ಸೋರೂ ದನಿ ಬ್ಯಾಡ. ಲೈನ್ ಸೀದಾ ಆಗಬೇಕು ತಮ್ಮಾ, ಸೀದಾ!"

ನಾನೂ ಹುರುಪಿನಲ್ಲಿ ಕತ್ತರಿಸಿದೆ, ತಿದ್ದಿದೆ, ಒರೆಸಿದೆ. ದಿನಗಟ್ಟಲೆ ನಡೆಯಿತು ಈ ಕವಾಯತು. ಹೊತ್ತು ಇಳಿಯತೊಡಗಿದರೆ ಕಾಕಾ ಊಟಕ್ಕೆ ಏಳುತ್ತಿದ್ದರು, ಆಗ ವಿಶ್ರಾಮ್. ಎಲ್ಲ ಸ್ವರ ಸಾಲಾಗಿ ನಿಂತ ದಿನ ನಾನು ಅವರ ಮಗಳ ಧಾಟಿ ಬಾರಿಸಿದೆ. ಅವರು ಹಾಡಿ ಹಾಡಿ ನನಗೆ ಅದನ್ನು ಬಾಯಿಪಾಠ ಮಾಡಿಸಿದ್ದರು.

ಹೊರಗೆ ಬಂದದ್ದು ಪುಣೆಯ ಫ್ಲಾಪಿಯ ದನಿಯೇ. ಒಂದು ಕೂದಲೂ ವ್ಯತ್ಯಾಸವಿಲ್ಲ. ನಿಪ್ಪಾಣಿಗೆ ಹೋಗಿ, ಸೀನಿ ಸೀನಿ ಮೂಗು ಕೆಂಪು ಮಾಡಿಕೊಂಡು ನಾವು ಅದೇ ದವಾಖಾನೆಯ ಪೈಪನ್ನು ಮತ್ತೊಮ್ಮೆ ತೊಳೆದು ಇಟ್ಟಿದ್ದೆವು!

"ಯಾರೂ ಇಲ್ಲ ಇದರಾಗ" ಅಂದರು ಕಾಕಾ. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಲಗ್ನ ಹತ್ತಿರ ಬಂದಿತ್ತು. "ಬಿಡು ತಮ್ಮಾ. ಆಕೀ ದೈವದಾಗ ಇಲ್ಲ."

ನನ್ನ ಕೈ ಸುಮ್ಮನಿರಲಿಲ್ಲ, ನಿಪ್ಪಾಣಿಯಲ್ಲಿ ಮೊದಲು ತುಂಬಿಕೊಂಡಿದ್ದ, ತಿದ್ದದೆ ಇಟ್ಟಿದ್ದ ದನಿಗಳ ಫ್ಲಾಪಿ ಹಾಕಿ ಕೀ ಒತ್ತಿದೆ. "ಕೊಂಯ್ಕ್" ಎಂದು ಕಿರುಚಿತು. ಸ್ವರ ತುಸು ನಡುಗಿ ನಿಂತಿತು. ಹಿಂದೆಲ್ಲೋ ಗಾಳಿ ಸೋರುತ್ತಿತ್ತು.

ಅದೇ ಹೊತ್ತಿಗೆ ಹೊರಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಕಾಕಾನ ಮಗಳು. ಬಾಲವಾಡಿ ಮುಗಿಸಿ, ಅಪ್ಪನ ಬುತ್ತಿ ತೆಗೆದುಕೊಂಡು ಬಂದಿದ್ದಳು. ಹೊತ್ತು ಮುಳುಗುವುದರೊಳಗೆ ಅವರು ಇಲ್ಲೇ ಉಂಡು, ಇಬ್ಬರೂ ಕೂಡಿ ಅಂಕಲಿಯ ಬಸ್ಸು ಹಿಡಿಯುವವರು. ಕೋಣೆಯ ಬಾಗಿಲ ತನಕ ಬಂದವಳು ಒಳಗೆ ಬರಲಿಲ್ಲ. ಸೆರಗು ಸರಿ ಮಾಡಿಕೊಂಡು ಆಚೆಗೇ ನಿಂತಳು.

"ಯಾಕವಾ, ಒಳಗ ಬಾ" ಅಂದೆ.

"ಯಾರೋ ಬಂದಾರಲ್ರಿ ಅಣ್ಣಾರ," ಅಂದಳು ಮೆಲ್ಲಗೆ. "ಯಾರ ಊದಾಕತ್ತಾರ?"

ಕಾಕಾ ಎದ್ದು ನಿಂತರು. ಟೋಪಿ ಕೆಳಗೆ ಬಿತ್ತು. "ತಮ್ಮಾ," ಅಂದರು, "ಎಲ್ಲಾರನೂ ವಾಪಸ್ ಕರಿ! ಕಿರಚಾಟ, ಸೋರಾಟ, ಎಲ್ಲಾ. ಒಬ್ಬನ್ನೂ ಬಿಡಬ್ಯಾಡ. ಹೆಂಗ ನಿಂತಿದ್ರೋ ಹಂಗ ನಿಂದರ್ಲಿ!"

ಎಲ್ಲರನ್ನೂ ವಾಪಸು ಕರೆದೆ. ನಮ್ಮ ಸೀನು ಮಾತ್ರ ಬಿಟ್ಟು. ಹಾರ್ಮೋನಿಯಮ್ಮಿಗೆ ಬಟ್ಟೆ ಹೊದಿಸಿದೆ. ಇನ್ನು ಉಳಿದದ್ದು ನನ್ನ ಬೆರಳು. ಪೈಪಿನಲ್ಲಿ ದನಿ ನಿಲ್ಲುವುದೇ ಇಲ್ಲ. ಊದುವವನು ಉಸಿರು ತೆಗೆದುಕೊಳ್ಳುವಾಗ ಕಂಕುಳು ಒತ್ತಿ ಚೀಲದ ಗಾಳಿಯಿಂದ ನಡೆಸುತ್ತಾನೆ. ನನಗೋ ಒಂದು ಸ್ವರ ಮುಗಿದರೆ ಬೆರಳು ಎತ್ತುವ ಚಾಳಿ. ಎತ್ತಿದಾಗಲೆಲ್ಲ ಕಾಕಾ ಮಣಿಕಟ್ಟಿಗೆ ಹೊಡೆಯುತ್ತಿದ್ದರು. "ಎತ್ತಬ್ಯಾಡೋ! ಸಾಯತೈತಿ ಅದು!" ಒಂದೇ ಸ್ವರ ಎರಡು ಸಲ ಬೇಕಾದರೆ ನಡುವೆ ಮೇಲಿನ ಸ್ವರವನ್ನು ಚಿಟಿಕೆ ಹೊಡೆದ ಹಾಗೆ ಮುಟ್ಟಿ ಬರಬೇಕು. ಅದನ್ನು ಅವರು ಬಾಯಲ್ಲಿ "ಡಾರಿ, ಡಿಡಾರಿ" ಎಂದು ಹೇಳಿಕೊಡುತ್ತಿದ್ದರು. ಹೆಂಡತಿ ಒಳಗಿನಿಂದ, "ನಿಮ್ಮಿಬ್ಬರಿಗೂ ಹುಚ್ಚ ಹಿಡದೈತಿ" ಅಂದಳು. ಹೌದು, ಹಿಡಿದಿತ್ತು. ಅಂಥ ಹುಚ್ಚು ನನಗೆ ಮತ್ತೆ ಹಿಡಿಯಲಿಲ್ಲ. ಕ್ಯಾಸೆಟ್ಟಿಗೆ ಇಳಿಸಿದ ದಿನ ಕಾಕಾ ನನಗೆ ಸೆಲ್ಯೂಟ್ ಹೊಡೆದರು. ನಾನು ಗಡಬಡಿಸಿ ಕೈ ಮುಗಿದೆ.

ಲಗ್ನಕ್ಕೆ ಮೊದಲು ಆಯಿಯ ಪರೀಕ್ಷೆ ಆಗಬೇಕಿತ್ತಲ್ಲ. ಅಂಕಲಿಯ ಪಡಸಾಲೆಯಲ್ಲಿ ಆಯಿ ಅಕ್ಕಿ ಆರಿಸುತ್ತ ಕೂತಿದ್ದಳು. ಟೇಪ್ ರೆಕಾರ್ಡರನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಾಗ ಚರ್ಮ ಐತೇನು?" ಎಂದು ಕೇಳಿದಳು.

"ಇಲ್ಲರಿ ಆಯಿ, ಪ್ಲಾಸ್ಟಿಕ್."

"ಬಾಯಿಗೆ ಯಾರ ಹಚ್ಚ್ಯಾರ?"

"ನಮ್ಮ ಮನ್ಯಾಗ ಯಾರೂ ಹಚ್ಚಿಲ್ಲ ಅವ್ವಾ" ಅಂದರು ಕಾಕಾ, ನನ್ನ ಮುಖ ನೋಡದೆ.

ಹಚ್ಚಿದೆವು. ಆಯಿಯ ಕೈ ಅಕ್ಕಿಯಲ್ಲೇ ನಿಂತಿತು. ಧಾಟಿ ಮುಗಿಯುವ ತನಕ ಅಲುಗಲಿಲ್ಲ. ಆಮೇಲೆ ಮಗನ ಕಡೆ ತಿರುಗಿ, "ಇಷ್ಟ ವರ್ಷ ನೀ ಇದನ್ನ ಊದತಿದ್ದೇನು?" ಅಂದಳು. "ನಾ ಎಲ್ಲೋ ಹಾವಾಡಿಗನ ಪುಂಗಿ ಅಂತ ತಿಳಕೊಂಡಿದ್ನಿ. ಮೊದಲ ಹೇಳಬಾರದೇನೋ ಮೂಳಾ!" ಇಷ್ಟು ವರ್ಷ ತಡೆದವಳೇ ಹೀಗೆ ಕೇಳಿದಳು! ಆಯಿ ಮತ್ತೊಮ್ಮೆ ಹಚ್ಚಿಸಿಕೊಂಡು ಕೇಳಿದಳು.

ಲಗ್ನ ಚಂದವಾಗಿ ಆಯಿತು. ಕಾಗವಾಡದ ಬೀಗರು ಒಳ್ಳೆಯವರು, ಉಂಡು ಹರಸಿ ನಕ್ಕು ಮಾತಾಡುವ ಮಂದಿ. ಮಗಳನ್ನು ಒಪ್ಪಿಸಿಕೊಡುವ ಹೊತ್ತು ಬಂತು. ಹೂವು ಕಟ್ಟಿದ ಜೀಪು ಮನೆಯ ಮುಂದೆ ನಿಂತಿತ್ತು. ಕರೆಂಟಿನ ಭರವಸೆ ಇರಲಿಲ್ಲ, ನಾನು ಟ್ರ್ಯಾಕ್ಟರಿನ ಬ್ಯಾಟರಿಗೆ ಟೇಪು, ಲೌಡ್ ಸ್ಪೀಕರಿನ ಕರ್ಣ ಎಲ್ಲ ಜೋಡಿಸಿ ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದೆ. ಕಾಕಾ ಕರ್ಣದ ಪಕ್ಕಕ್ಕೆ ಹೋಗಿ, ಎದೆ ಎತ್ತಿ ಪರೇಡಿನ "ಸಾವಧಾನ್" ಭಂಗಿಯಲ್ಲಿ ನಿಂತರು. ನನ್ನ ಕಡೆ ನೋಡಿ ತಲೆಯಾಡಿಸಿದರು. ಒತ್ತಿದೆ.

"ಕೊಂಯ್ಕ್!" ಮುಂದಿನ ಸಾಲಿನ ಬೀಗರು ಬೆಚ್ಚಿ ಹಿಂದೆ ಸರಿದರು. ಆಮೇಲೆ ಶ್ರುತಿ ತುಂಬಿಕೊಂಡು ಬಂತು, ಅದರ ಮೇಲೆ ಮಗಳ ಧಾಟಿ. ಗದ್ದಲ ತಾನಾಗಿ ನಿಂತಿತು. ಹುಡುಗನ ಸೋದರಮಾವ ಎದ್ದು, ಚಪ್ಪರದ ಹಿಂದೆ ಹೋಗಿ ಊದುವವರನ್ನು ಹುಡುಕಿ ಬಂದ. "ಯಾರೂ ಇಲ್ಲಲ್ರಿ ಅಲ್ಲೆ!" ಅಂದ. ನನಗೆ ಹೆಮ್ಮೆ ಎಷ್ಟಾಯಿತೆಂದರೆ ಅಳು ಬಂತು.

ಮಗಳು ಎಲ್ಲರ ಕಾಲಿಗೆ ಬಿದ್ದು, ಅಪ್ಪನ ಕಾಲಿಗೂ ಬಿದ್ದು ಜೀಪಿನ ಕಡೆ ನಡೆದಳು. ಕಾಕಾ ಅಲುಗಲಿಲ್ಲ. ಆಗ ನಾನು ಅವರ ಮುಖ ನೋಡಿದೆ. ಎರಡೂ ಗಲ್ಲ ಉಬ್ಬಿವೆ, ಮುಖ ಕೆಂಪಾಗಿದೆ, ಕುತ್ತಿಗೆಯ ನರ ಎದ್ದಿವೆ. ಆ ಪೈಪಿನ ಕೂಡ ಅವರೂ ಊದುತ್ತಿದ್ದರು! ಉಸಿರು ಬಿಟ್ಟಿರಲೇ ಇಲ್ಲ. ಪೈಪು ಉಸಿರಿಗೆ ನಿಲ್ಲುವುದಿಲ್ಲ, ಇವರ ಹತ್ತಿರ ಇರುವುದು ಒಂದೂವರೆ ಪುಪ್ಪಸ. ಟೇಪು ಬಂದ್ ಮಾಡಿದರೆ ಧಾಟಿ ನಡುವೆ ಸಾಯುತ್ತದೆ, ಬಿಟ್ಟರೆ ಈ ಮನುಷ್ಯ ಬೀಳುತ್ತಾರೆ.

ಜೀಪಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ ಮಗಳು ತಿರುಗಿ ನೋಡಿದಳು. ಇಳಿದಳು. "ತಿರುಗಿ ಬರಬಾರದವಾ!" ಎಂದು ಹೆಂಗಸರು ಕೂಗಿದರೂ ಕೇಳದೆ ಸೆರಗು ಹಿಡಿದುಕೊಂಡು ಓಡಿ ಬಂದು, ಅಪ್ಪನ ಎರಡೂ ಗಲ್ಲದ ಮೇಲೆ ಕೈಯಿಟ್ಟಳು.

"ಅಪ್ಪಾ, ಉಸರ ಬಿಡು," ಅಂದಳು. "ಊದಾಕ ಅದು ಐತಿ. ನೀ ನನ್ನ ಕೂಡ ಮಾತಾಡು."

ಗಲ್ಲ ಇಳಿದವು. ಪೈಪು ನಿಲ್ಲದೆ ನಡೆದೇ ಇತ್ತು. ಕಾಕಾ ಎದೆ ತುಂಬ ಒಂದು ಉಸಿರು ತೆಗೆದುಕೊಂಡು, ನಗುತ್ತ, ಅಳುತ್ತ, "ಹೋಗಿ ಬಾ, ಮಗಾ" ಅಂದರು.